ಪಂಕ್ತಿ ನನಗಾಗಿ ಕಾಯುತ್ತಿತ್ತು

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಕೂತವರು ತಮ್ಮದಾಯಿತೆಂದು ಒಬ್ಬೊಬ್ಬರೇ ಎದ್ದು ಹೋಗುವಂತಿಲ್ಲ. ಎಲ್ಲರ ಊಟ ಮುಗಿಯಬೇಕು, ಮನೆಯ ಹಿರಿಯರು ಸಾಲಿನುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಬೇಕು, 'ಎಲ್ಲರದ್ದೂ ಆಯ್ತಾ?' ಎಂದು ಕೇಳಬೇಕು, ಆಮೇಲೆ ಸಾಲಿಗೆ ಸಾಲೇ ಒಟ್ಟಿಗೆ ಏಳಬೇಕು. ಒಬ್ಬನದು ಬಾಕಿ ಇದ್ದರೆ ಉಳಿದವರು ಎಂಜಲು ಕೈ ಒಣಗಿಸಿಕೊಂಡು ಕೂತಿರುತ್ತಾರೆ. ಬಹಳ ವರ್ಷ ಆ ಬಾಕಿಯ ಒಬ್ಬ ನಾನೇ ಆಗಿದ್ದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಯಾವ ನೆಂಟರ ಮನೆಯಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಇದ್ದರೂ ನನಗೆ ಕರೆ ಬರುತ್ತಿತ್ತು. ನನ್ನ ಮಾತಿನ ಚಂದಕ್ಕಲ್ಲ, ನಾನು ಕೊಡುವ ಉಡುಗೊರೆಗೂ ಅಲ್ಲ. ನಾನು ಉಣ್ಣುವುದನ್ನು ನೋಡುವುದೇ ಅವರಿಗೊಂದು ಗಮ್ಮತ್ತು. ಹೋಳಿಗೆ ಬಡಿಸುವವರು ಉಳಿದವರ ಎಲೆಗೆ ಒಂದೊಂದು ಹಾಕುತ್ತ ಬಂದು, ನನ್ನ ಮುಂದೆ ಬುಟ್ಟಿ ಇಳಿಸಿ ಕುಕ್ಕರಗಾಲಲ್ಲಿ ಕೂತೇಬಿಡುತ್ತಿದ್ದರು. 'ಇವರಿಗೆ ಲೆಕ್ಕ ಎಂತ ಮಾರಾಯ, ತುಪ್ಪದ ಪಾತ್ರೆ ಇತ್ಲಾಗೆ ತಾ' ಎಂದು ಕೂಗುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಹೆಂಗಸರು ಬಂದು ನಿಲ್ಲುತ್ತಿದ್ದರು. ನಾನು 'ಬೇಡ ಬೇಡ' ಎನ್ನುತ್ತಲೇ ಕೈ ಹಿಂದಕ್ಕೆ ಎಳೆದುಕೊಂಡು ಎಲೆಗೆ ದಾರಿ ಬಿಡುತ್ತಿದ್ದೆ. ಪಂಕ್ತಿ ಕಾಯುತ್ತಿತ್ತು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಈ ಜೀವನದಲ್ಲಿ ನನಗಾಗಿ ಯಾರಾದರೂ ಕಾದದ್ದಿದ್ದರೆ ಅದು ಆ ಪಂಕ್ತಿಯೇ.

ಉಳಿದ ದಿನ ಯಾರೂ ಕಾಯುವುದಿಲ್ಲ. ನಾನು ಬಸರೀಕಟ್ಟೆಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು, ಯಾರಿಗೆ ಎಲ್ಲಿ ಕೆಲಸ ಎಂದು ಹಂಚಿ, ಕುಯ್ಲಿನ ಕಾಲದಲ್ಲಿ ಸಂಜೆ ಅವರು ಕುಯ್ದು ತಂದ ಕಾಫಿ ಹಣ್ಣನ್ನು ತೂಗಿಸುವುದು ನನ್ನ ಕೆಲಸ. ಇರಲು ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು. ಮದುವೆ ಆಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಮೊದಲು ಹೆಣ್ಣಿನ ಕಡೆಯವರು ಒಪ್ಪಲಿಲ್ಲ, ಆಮೇಲೆ ಒಪ್ಪಿದವರಿದ್ದರು, ಆಗ ನಾನು ಮೀನಮೇಷ ಎಣಿಸಿದೆ, ಕೊನೆಗೆ ಜಾತಕ ಕೇಳುವವರೇ ನಿಂತುಹೋದರು. ಹತ್ತಿರದವರು ಎಂದು ಇರುವುದು ಸೀತೂರಿನಲ್ಲಿ ಚಿಕ್ಕಮ್ಮ, ಅಮ್ಮನ ತಂಗಿ. ಐವತ್ತರ ಹತ್ತಿರ ಬಂದಿರುವ ನನ್ನನ್ನು ಇನ್ನೂ 'ಮಾಣಿ' ಎಂದು, ಸಣ್ಣ ಹುಡುಗನನ್ನು ಕರೆದ ಹಾಗೆ, ಕರೆಯುವವಳು ಅವಳೊಬ್ಬಳೇ.

ಹೀಗೆ ಉಂಡು ಉಂಡು ನಾನು ಎಷ್ಟು ದಪ್ಪಗಾಗಿದ್ದೆ ಎಂದರೆ, ಎಸ್ಟೇಟಿನ ಏರು ಹತ್ತುವಾಗ ಹೆಜ್ಜೆಗೊಂದು ಮರ ಹಿಡಿದು ನಿಲ್ಲುತ್ತಿದ್ದೆ. ಆಳುಗಳ ಕೆಲಸ ನೋಡುವ ನೆಪದಲ್ಲಿ ಸುಧಾರಿಸಿಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. ನನಗೂ ಗೊತ್ತಿತ್ತು. ಆದರೂ ಇಳಿಸಬೇಕು ಎಂದು ಅನ್ನಿಸಿರಲಿಲ್ಲ. ಅನ್ನಿಸಿದ್ದು ಬಚ್ಚಲಲ್ಲಿ ಬಿದ್ದ ದಿನ.

ಅದೊಂದು ಭಾನುವಾರ ಬೆಳಿಗ್ಗೆ. ಆಳುಗಳೆಲ್ಲ ಸಂತೆಗೆ ಹೋಗಿದ್ದರು, ಅವರ ಲೈನ್ ಮನೆಗಳಲ್ಲಿ ನಾಯಿಗಳು ಮಾತ್ರ. ತಲೆಗೆ ನೀರು ಹೊಯ್ದುಕೊಂಡು ಏಳುವಾಗ ಕಾಲು ಜಾರಿತು. ಮೂಳೆಯೇನೂ ಮುರಿಯಲಿಲ್ಲ. ಆದರೆ ಹಂಡೆಯ ಕಟ್ಟೆಗೂ ಗೋಡೆಗೂ ನಡುವೆ ಅಂಗಾತ ಸಿಕ್ಕಿಹಾಕಿಕೊಂಡೆ. ಮಗುಚಿ ಹಾಕಿದ ಆಮೆಯ ಹಾಗೆ ಕೈಕಾಲು ಆಡಿಸಿದ್ದೇ ಬಂತು. ನನ್ನ ಮೈಯನ್ನು ಎತ್ತಲು ನನಗೇ ಆಗಲಿಲ್ಲ. ಆಚೆ ಕೋಣೆಯಲ್ಲಿ ಫೋನು ಒಮ್ಮೆ ಬಡಿದುಕೊಂಡಿತು. ಆಮೇಲೆ ನೋಡಿದರೆ ಅದು ಯಾವುದೋ ಕಂಪನಿಯ ಜಾಹೀರಾತಿನ ಕರೆ. ಒಲೆಯ ಬೆಂಕಿ ಆರಿತು, ಮೈಮೇಲಿನ ನೀರು ಆರಿತು, ಚಳಿ ಹಿಡಿಯಿತು. ಕೊನೆಗೆ ಹೇಗೋ ಮಗ್ಗುಲಾಗಿ, ತೆವಳಿ, ಬಾಗಿಲಿನ ದಾರಂದ ಹಿಡಿದು ಎದ್ದೆ. ಎದ್ದವನು ಪಂಚೆಯನ್ನೂ ಸುತ್ತಿಕೊಳ್ಳದೆ ಹಾಗೇ ಹೊಸ್ತಿಲ ಮೇಲೆ ಕೂತು ಅತ್ತೆ. ನೋವಿಗಲ್ಲ, ಹೆದರಿಕೆಗೆ.

ಆವತ್ತೇ ಬಚ್ಚಲ ಕಿಟಕಿಯ ಸರಳಿಗೆ ದಪ್ಪದೊಂದು ಹುರಿಹಗ್ಗ ಕಟ್ಟಿದೆ, ಇನ್ನೊಮ್ಮೆ ಬಿದ್ದರೆ ಹಿಡಿದು ಏಳಲು. ಮಾರನೆಯ ದಿನ ಕೊಪ್ಪಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ಬಿದ್ದದ್ದನ್ನು ಹೇಳಲಿಲ್ಲ, ಮಂಡಿನೋವು ಎಂದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು, ಶುಗರ್ ಬಾಗಿಲಿಗೆ ಬಂದು ನಿಂತಿದೆ ಎಂದರು, ತೂಕ ಇಳಿಸದಿದ್ದರೆ ಮಂಡಿಯೂ ಕೈಕೊಡುತ್ತದೆ ಎಂದರು. ಒಳ್ಳೆಯ ಮನುಷ್ಯ. ಚೀಟಿ ಬರೆಯುತ್ತ, ತಲೆ ಎತ್ತದೆ, 'ಹೆಂಡ್ತಿ ಮಕ್ಕಳ ಮುಖ ನೋಡಿ ಆದ್ರೂ ಬಾಯಿ ಕಟ್ಟಿ' ಎಂದರು. ಎಲ್ಲರಿಗೂ ಹೇಳುವ ಮಾತು ಅದು. ನಾನು 'ಆಯ್ತು ಡಾಕ್ಟ್ರೆ' ಎಂದು ಚೀಟಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸಿನಲ್ಲಿ ಕೂತು ಯಾರ ಮುಖ ನೋಡುವುದು ಎಂದು ಯೋಚಿಸಿದೆ. ಎದುರಿನ ಕಂಡಕ್ಟರನ ಮುಖ ಕಂಡಿತು.

ಫೋನಿನಲ್ಲಿ ತೂಕ ಇಳಿಸುವವರಿಗೆ ಹುರಿದುಂಬಿಸುವ ವಿಡಿಯೋಗಳು ಬೇಕಾದಷ್ಟಿವೆ. ಎಸ್ಟೇಟಿನಲ್ಲಿ ವಿಡಿಯೋ ನೋಡುವಷ್ಟು ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ, ಅಲ್ಲಿ ನಿಂತು ಒಂದಷ್ಟು ನೋಡಿದೆ. ಮಗುವಿನ ಫೋಟೋವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಎಂದು ಒಬ್ಬ. ಗೆಳೆಯರ ಗುಂಪು ಕಟ್ಟಿಕೊಂಡು ವಾಕಿಂಗ್ ಹೋಗಿ ಎಂದು ಇನ್ನೊಬ್ಬಳು. ನನ್ನ ಹತ್ತಿರ ಮಗುವೂ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ, ಗುಂಪಂತೂ ಇಲ್ಲವೇ ಇಲ್ಲ. ನನಗಿದ್ದದ್ದು ಕಿಟಕಿಗೆ ಕಟ್ಟಿದ ಹಗ್ಗ. ಎತ್ತಲು ಯಾರೂ ಇಲ್ಲದವನು ತನ್ನನ್ನು ತಾನೇ ಎತ್ತುವಷ್ಟಾದರೂ ಹಗುರ ಇರಬೇಕು, ಅಷ್ಟೇ ನನ್ನ ಕಾರಣ. ಇದನ್ನು ಹೇಳಿದರೆ ಯಾವ ವಿಡಿಯೋಗೂ ಯಾರೂ ಲೈಕ್ ಒತ್ತಲಿಕ್ಕಿಲ್ಲ.

ಮೊದಲು ರಾತ್ರಿಯ ಅನ್ನ ಬಿಟ್ಟೆ. ಬೆಳಿಗ್ಗೆಯ ದೋಸೆಯ ಮೇಲಿನ ಬೆಣ್ಣೆ ಬಿಟ್ಟೆ. ಕಾಫಿಗೆ ಸಕ್ಕರೆ ಬಿಟ್ಟೆ, ಕಾಫಿ ಎಸ್ಟೇಟಿನವನು ಸಪ್ಪೆ ಕಾಫಿ ಕುಡಿಯುವುದನ್ನು ನೋಡಿ ಜೀಪಿನ ಡ್ರೈವರ್ ಮೂಗು ಮುರಿದ. ಬಿಡುವುದು ಅಂಥ ಕಷ್ಟವಾಗಲಿಲ್ಲ. ಕಷ್ಟವಾದದ್ದು ಪಾತ್ರೆ. ಅಮ್ಮನ ಕಾಲದ ದೊಡ್ಡ ಪಾತ್ರೆಯಲ್ಲಿ ಎರಡು ಹಿಡಿ ಅಕ್ಕಿ ಹಾಕಿದರೆ ತಳ ಹಿಡಿಯುತ್ತಿತ್ತು. ಕೊಪ್ಪದ ಪಾತ್ರೆ ಅಂಗಡಿಯಲ್ಲಿ ಸಣ್ಣದು ಕೇಳಿದೆ. ಅಂಗಡಿಯವರು ಒಂದು ತೋರಿಸಿದರು, ಇನ್ನೂ ಸಣ್ಣದು ಎಂದೆ, ಇನ್ನೂ ಸಣ್ಣದು ಎಂದೆ. 'ಮಗೂಗೆ ಅನ್ನ ಮಾಡೋದಕ್ಕಾ?' ಎಂದರು. ಹೌದು ಎಂದೆ. ನನ್ನದು ಒಬ್ಬಂಟಿಯ ಅಡುಗೆ ಎಂದು ಕಣ್ಣಿಗೆ ಕಾಣುವಂತೆ ಹೇಳಿದ್ದು ಆ ಪಾತ್ರೆಯೇ. ಮೊದಲು ದೊಡ್ಡ ಪಾತ್ರೆ ತುಂಬ ಮಾಡಿ ನಾನೊಬ್ಬನೇ ಉಣ್ಣುವಾಗ ಮನೆಯಲ್ಲಿ ಇನ್ನೂ ಯಾರೋ ಇದ್ದಾರೆ ಎಂಬಂತೆ ಇರುತ್ತಿತ್ತು.

ನಡೆಯುವುದೂ ಸುಲಭವಿರಲಿಲ್ಲ. ಕಾಲಿಗಿಂತ ಜನರದೇ ತೊಂದರೆ. ನಮ್ಮ ರಸ್ತೆಗಳಲ್ಲಿ ಒಬ್ಬ ಪರಿಚಯದವನು ನಡೆದು ಹೋಗುವುದನ್ನು ಕಂಡು ಗಾಡಿ ನಿಲ್ಲಿಸದೆ ಹೋದರೆ ಅದು ಅಹಂಕಾರ. ನಾನು ಸಂಜೆ ಬಸರೀಕಟ್ಟೆಯ ಕಡೆಗೆ ಹೆಜ್ಜೆ ಹಾಕಿದರೆ ಸಾಕು, ಪ್ರತಿ ಜೀಪೂ ಪ್ರತಿ ಬೈಕೂ ನಿಲ್ಲುತ್ತಿತ್ತು.

'ಎಂತ ಮಾರಾಯ್ರೆ, ನಡ್ಕೊಂಡು ಹೊರ್ಟಿದೀರಿ? ಹತ್ತಿ ಹತ್ತಿ.'

'ಇಲ್ಲ, ಸುಮ್ನೆ ನಡಿತಿದೀನಿ.'

'ಸುಮ್ನೆ ಯಾರು ನಡಿತಾರೆ? ಬೈಕ್ ಕೆಟ್ಟಿದ್ಯಾ? ಹತ್ತಿ, ನಾಚ್ಕೆ ಎಂತಕ್ಕೆ.'

ಎಷ್ಟು ಹೇಳಿದರೂ ಕೇಳದವರ ಗಾಡಿ ಹತ್ತಿ, ಪೇಟೆಯಲ್ಲಿ ಇಳಿದು, ಅವರು ಮರೆಯಾದ ಮೇಲೆ ವಾಪಸ್ ನಡೆದದ್ದೂ ಇದೆ. ತಲೆ ಕೆಟ್ಟುಹೋಗುತ್ತಿತ್ತು. ನಿಧಾನಕ್ಕೆ ಅವರಿಗೆ ಅಭ್ಯಾಸವಾಯಿತು. ಒಂದು ದಿನ ಗಮನಿಸಿದೆ, ಹೋಗಿ ಬರುವ ತನಕ ಒಂದು ಗಾಡಿಯೂ ನಿಂತಿರಲಿಲ್ಲ. ಬೇಕಾದದ್ದು ಸಿಕ್ಕಿತ್ತು. ಆದರೂ ಆ ಸಂಜೆ ರಸ್ತೆ ಬಹಳ ಉದ್ದ ಎನಿಸಿತು.

ತೂಕ ನೋಡಿಕೊಳ್ಳಲು ನನಗೆ ಬೇರೆ ಯಂತ್ರ ಬೇಕಿರಲಿಲ್ಲ. ಹಣ್ಣಿನ ಮೂಟೆ ತೂಗುವ ಯಂತ್ರ ಇತ್ತಲ್ಲ. ಆಳುಗಳೆಲ್ಲ ಹೋದ ಮೇಲೆ, ಕಣ ಗುಡಿಸಿ ಆದ ಮೇಲೆ, ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತುತ್ತಿದ್ದೆ. ಕೆಂಪು ಅಂಕಿಗಳು ಒಂದಿಷ್ಟು ಓಡಾಡಿ ನಿಲ್ಲುತ್ತಿದ್ದವು. ಕಡಿಮೆಯಾದ ದಿನ ಸುತ್ತ ನೋಡುತ್ತಿದ್ದೆ, ಯಾರಿಗಾದರೂ ಹೇಳೋಣ ಎಂದು. ಕಣದಲ್ಲಿ ಹಣ್ಣಿನ ರಾಶಿ, ಅದರ ಮೇಲೆ ಮುಚ್ಚಿದ ಟಾರ್ಪಾಲು. ಇಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಸಂತೋಷವನ್ನು ಹೇಳಿಕೊಳ್ಳಲು ಜನ ಇಲ್ಲದಿದ್ದರೆ ಅದು ಮನೆ ತಲುಪುವುದರೊಳಗೆ ಆರಿಹೋಗುತ್ತದೆ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದೆ, ಆಮೇಲೆ ಇನ್ನೊಂದು. ಒಂದು ವರ್ಷ ತುಂಬುವುದರೊಳಗೆ ಏರು ಹತ್ತುವಾಗ ಮರ ಹಿಡಿಯುವುದು ನಿಂತಿತು. ಬಚ್ಚಲ ಹಗ್ಗವನ್ನು ಬಿಚ್ಚಿ ಮೂಟೆ ಕಟ್ಟಲು ಕೊಟ್ಟೆ. ಅವತ್ತು ನನಗೆ ನನ್ನ ಮೇಲೆ ಬಹಳ ಹೆಮ್ಮೆಯಾಗಿತ್ತು.

ಅಷ್ಟರಲ್ಲಿ ನನಗೆ ಗೊತ್ತಿಲ್ಲದೆ ಇನ್ನೊಂದು ನಡೆದಿತ್ತು. ನಮ್ಮವರ ಲೆಕ್ಕದಲ್ಲಿ ಮನುಷ್ಯ ತಾನಾಗಿ ತೆಳ್ಳಗಾಗುವುದಿಲ್ಲ. ಕಾಯಿಲೆ ಬಂದರೆ ಆಗುತ್ತಾನೆ, ಚಿಂತೆ ಹತ್ತಿದರೆ ಆಗುತ್ತಾನೆ. ಚೆನ್ನಾಗಿ ಉಣ್ಣುತ್ತಿದ್ದವನು ಉಣ್ಣುವುದು ಬಿಟ್ಟ ಎಂದರೆ ಮುಗಿದೇ ಹೋಯಿತು. ಕನ್ನಡಕ ಬದಲಾಯಿಸಲು, ದೊಡ್ಡ ಆಸ್ಪತ್ರೆಗಳಿರುವ ಶಿವಮೊಗ್ಗಕ್ಕೆ ಹೋಗಿದ್ದ ನನ್ನನ್ನು ಯಾರೋ ಬಸ್ಸಿನಲ್ಲಿ ಕಂಡಿದ್ದರಂತೆ. ಅಲ್ಲಿಂದ ಮಾತು ಮೂರು ತಾಲೂಕು ಸುತ್ತಿತು. ದೊಡ್ಡ ಕಾಯಿಲೆ, ಪಾಪ, ಯಾರಿಗೂ ಹೇಳಿಕೊಂಡಿಲ್ಲ, ಒಂಟಿ ಜೀವ. ಫೋನು ಮಾಡಿದವರು ಇದನ್ನು ಕೇಳುತ್ತಿರಲಿಲ್ಲ, 'ಹುಷಾರಾಗಿರಿ' ಎಂದು ಮಾತ್ರ ಹೇಳಿ ಇಡುತ್ತಿದ್ದರು. ಇವರಿಗೆಲ್ಲ ನನ್ನ ಮೇಲೆ ಇದೇನು ಹೊಸ ಪ್ರೀತಿ ಎಂದು ನಾನು ಅಂದುಕೊಂಡಿದ್ದೆ.

ಚಿಕ್ಕಮ್ಮನ ಮೊಮ್ಮಗನ ಉಪನಯನ ಬಂತು. ಹೋಗುವ ಮೊದಲು ಒಂದು ವಾರ ನಾನು ತಯಾರಿ ಮಾಡಿದೆ. ಬಡಿಸುವವನು ಚಿಕ್ಕಮ್ಮನ ಅಳಿಯ, ನನಗೆ ಭಾವನಾಗಬೇಕು, ಅವನಿಗೆ ನಾನೂ ಭಾವ, ಒತ್ತಾಯದಲ್ಲಿ ಅವನನ್ನು ಮೀರಿಸಿದವರಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಬಿಡುತ್ತಾನೆ. ಬಾಗಿ ಎಲೆಯನ್ನೇ ಮುಚ್ಚಿದರೆ ಬೆನ್ನ ಮೇಲೆ ಹೋಳಿಗೆ ಇಡುತ್ತೇನೆ ಎನ್ನುತ್ತಾನೆ. ಅವನು ಹೀಗೆಂದರೆ ನಾನು ಹೀಗೆನ್ನಬೇಕು ಎಂದು ಒಲೆಯ ಮುಂದೆ ಕೂತು ಉತ್ತರ ಜೋಡಿಸಿದೆ. ಒಂದೇ ಹೋಳಿಗೆ, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಭಾವ ಬುಟ್ಟಿ ಹಿಡಿದು ಬಂದ. ನನ್ನ ಎಲೆಗೆ ಒಂದು ಹೋಳಿಗೆ ಹಾಕಿದ. ಕಣ್ಣೆತ್ತಿ ನೋಡಲಿಲ್ಲ, ಮುಂದೆ ಹೋದ. ಎರಡನೇ ಸುತ್ತು ಬಂತು. ಪಕ್ಕದವನ ಜೊತೆ ಜಗಳವಾಡಿ ಎರಡು ಹಾಕಿದ. ನಾನು ಕೈ ಅಡ್ಡ ಹಿಡಿಯಲು ಸಿದ್ಧನಾದೆ. ಅವನು ನನ್ನ ಎಲೆ ದಾಟಿ ಆಚೆಯವನ ಮುಂದೆ ನಿಂತ. ಮೂರನೇ ಸುತ್ತಿನಲ್ಲೂ ಅಷ್ಟೇ. ನನ್ನ ಎರಡೂ ಕೈ ಎಲೆಯ ಮೇಲೆ ಗಾಳಿಯಲ್ಲಿ ಹಾಗೇ ಇದ್ದವು. ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡೆ. ಎಲ್ಲರಿಗಿಂತ ಮೊದಲು ನನ್ನ ಊಟ ಮುಗಿದಿತ್ತು. ಕೈ ಒಣಗಿಸಿಕೊಂಡು ಕೂತು ಮೊದಲ ಸಲ ಬೇರೆಯವರಿಗಾಗಿ ಕಾದೆ. ಮುಖಕ್ಕೆ ಹೊಡೆದಂತಾಗಿತ್ತು ನನಗೆ.

ಕೈ ತೊಳೆಯುವಲ್ಲಿ ಚಿಕ್ಕಮ್ಮ ಬಂದು ನನ್ನ ಒದ್ದೆ ಕೈಯನ್ನೇ ಹಿಡಿದುಕೊಂಡಳು.

'ಮಾಣಿ, ಯಾರ ಹತ್ರಾನೂ ಬಾಯ್ಬಿಡಲ್ಲ. ನಂಗೊಬ್ಬಳಿಗೆ ಹೇಳು. ಎಂತ ಕಾಯಿಲೆ?'

'ಕಾಯಿಲೆ ಎಂತದೂ ಇಲ್ಲ ಚಿಕ್ಕಮ್ಮ. ಬೇಕು ಅಂತ್ಲೇ ಇಳ್ಸಿದ್ದು.'

'ಬೇಕು ಅಂತ ಯಾರಾದ್ರೂ ಉಣ್ಣೋದು ಬಿಡ್ತಾರಾ? ನಂಗೆ ಮಕ್ಕಳ ಹಂಗೆ ಹೇಳ್ಬೇಡ. ಬಡ್ಸೋರಿಗೆಲ್ಲ ನಾನೇ ಹೇಳಿದೀನಿ, ನಿಂಗೆ ಒತ್ತಾಯ ಮಾಡ್ಬೇಡಿ, ಪಾಪ ಆಗದವನಿಗೆ ಹಿಂಸೆ ಅಂತ.' ಅವಳ ಕಣ್ಣು ತುಂಬಿತ್ತು. ನಾನು ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಬರುವಾಗ ಒಂದು ಚೀಲ ತುಂಬ ಕಿತ್ತಳೆ ಹಣ್ಣು ಕೊಟ್ಟು ಕಳಿಸಿದಳು, ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ಹಾಗೆ.

ಬಸ್ಸಿನಲ್ಲಿ ಮಡಿಲಲ್ಲಿ ಕಿತ್ತಳೆ ಇಟ್ಟುಕೊಂಡು ಕೂತಿದ್ದೆ. ಸಿಟ್ಟು ಬಂದಿತ್ತು. ಕಾಯಿಲೆ ಇಲ್ಲ ಎಂದರೆ ನಂಬದವರಿಗೆ ಹೇಗೆ ನಂಬಿಸುವುದು? ನನಗೆ ಹೊಳೆದದ್ದು ಒಂದೇ ದಾರಿ. ನಮ್ಮವರಿಗೆ ಹೊಳೆಯುವುದೂ ಅದೊಂದೇ. ಉಂಡು ತೋರಿಸಬೇಕು.

ಮುಂದಿನ ತಿಂಗಳು ಶೃಂಗೇರಿಯಲ್ಲಿ ಒಂದು ಮದುವೆ. ನೆಂಟರೆಲ್ಲ ಸೇರಿದ್ದರು. ನಾನು ಪಂಕ್ತಿಯ ನಡುವೆ, ಎಲ್ಲರಿಗೂ ಕಾಣುವಲ್ಲಿ ಕೂತೆ. ಒಂದು ಹೋಳಿಗೆ ಮುಗಿಸಿ, ದಾಟಿ ಹೋಗುತ್ತಿದ್ದ ಭಾವನ ಪಂಚೆ ಹಿಡಿದು ಎಳೆದೆ. 'ಎಂತ ಭಾವ, ನಂಗೆ ಇಲ್ವಾ?' ಅವನು ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟ. ಆಮೇಲೆ ಅವನ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ಬುಟ್ಟಿ ಕೆಳಗಿಟ್ಟು ಕೂತೇಬಿಟ್ಟ. 'ಏ, ತುಪ್ಪ ತಾರೋ! ನಮ್ಮ ಭಾವ ಹುಷಾರಾದ!' ಎಂದು ಕೂಗಿದ. ಸಾಲಿನವರೆಲ್ಲ ಬಗ್ಗಿ ನೋಡಿದರು. ಯಾರೋ ಊಟದ ನಡುವೆ ಹೇಳುವ ಶ್ಲೋಕ ಶುರು ಮಾಡಿದರು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸೆರಗಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನು ಉಂಡೆ. ಹೊಟ್ಟೆ ಸಾಕೆಂದ ಮೇಲೂ ಉಂಡೆ. ಪಂಕ್ತಿ ನನಗಾಗಿ ಕಾದಿತು.

ಸಂಜೆ ಹೊಟ್ಟೆ ಕಲ್ಲಾಗಿತ್ತು, ಎರಡು ದಿನ ಮೈ ಸರಿಯಿರಲಿಲ್ಲ. ಅದಕ್ಕೆ ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟು ಸಂತೋಷವಾಗಿ ನಾನು ಒಂದು ವರ್ಷದಿಂದ ಇರಲಿಲ್ಲ.

ಆಮೇಲೆ ಒಂದಾದ ಮೇಲೊಂದು ಬಂದವು. ಹರಿಹರಪುರದ ಕಡೆ ಗೃಹಪ್ರವೇಶ, ಕೊಪ್ಪದಲ್ಲಿ ಸೀಮಂತ, ಇನ್ನೆಲ್ಲೋ ಅರವತ್ತರ ಶಾಂತಿ. ಮಳೆಗಾಲ ಹಿಡಿಯಿತು, ನಡೆಯುವುದು ನಿಂತಿತು, ಕ್ವಾರ್ಟರ್ಸಿನಲ್ಲಿ ಒಬ್ಬನೇ ಕೂತು ಹಲಸಿನ ಹಪ್ಪಳ ಕರಿದುಕೊಂಡು ತಿಂದೆ. ಸಣ್ಣ ಪಾತ್ರೆ ಅಟ್ಟಕ್ಕೆ ಹೋಯಿತು. ಕಂಡವರೆಲ್ಲ 'ಈಗ ಮೈ ಹಿಡಿದ್ರಿ, ಈಗ ಚಂದ ಕಾಣ್ತೀರಿ' ಎಂದರು. ಇಳಿಸುವಾಗ ಒಬ್ಬರೂ ಚಂದ ಅಂದಿರಲಿಲ್ಲ, ಏರುವಾಗ ಊರೆಲ್ಲ ಚಪ್ಪಾಳೆ. ತೂಕದ ಯಂತ್ರದ ಹತ್ತಿರ ನಾನು ಹೋಗಲಿಲ್ಲ. ಬೆಲ್ಟು ಮಾತ್ರ ಒಂದೊಂದೇ ತೂತು ಹಿಂದಕ್ಕೆ ಬಂತು.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕೂತವನು ಏಳುವಾಗ ನನ್ನ ಕೈ ತಾನಾಗಿ ಕಿಟಕಿಯ ಕಡೆ ಹೋಯಿತು. ಅಲ್ಲಿ ಹಗ್ಗ ಇರಲಿಲ್ಲ. ಗೋಡೆ ಹಿಡಿದು ಹೇಗೋ ಎದ್ದೆ. ಮೈ ಒರೆಸಿಕೊಂಡವನೇ ಗೋದಾಮಿಗೆ ಹೋಗಿ ಒಂದು ಹಗ್ಗ ತಂದು ಮತ್ತೆ ಕಟ್ಟಿದೆ. ಗಂಟು ಬಿಗಿದು, ಜೋತುಬಿದ್ದು ಎಳೆದು ನೋಡಿದೆ. ಉಂಡು ತೋರಿಸಿದ ಪಂಕ್ತಿ ಈ ಬಚ್ಚಲಿಗೆ ಬರುವುದಿಲ್ಲ. ಅವರೆಲ್ಲ ಒಳ್ಳೆಯವರು, ನನ್ನ ಮೇಲೆ ಪ್ರೀತಿಯಿದೆ, ಅದು ಸುಳ್ಳಲ್ಲ. ಆದರೆ ಭಾನುವಾರ ಬೆಳಿಗ್ಗೆ ಇಲ್ಲಿ ನಾನು, ಈ ಹಗ್ಗ, ಇಬ್ಬರೇ.

ಅಟ್ಟದಿಂದ ಸಣ್ಣ ಪಾತ್ರೆ ಇಳಿಸಿದೆ. ಎರಡನೇ ಸಲ ಶುರು ಮಾಡುವುದು ಮೊದಲ ಸಲಕ್ಕಿಂತ ಕೆಟ್ಟದ್ದು. ಮೊದಲ ಸಲ ಆಗಬಹುದು ಎಂಬ ಆಸೆ ಇರುತ್ತದೆ, ಎರಡನೇ ಸಲ ಆದದ್ದೂ ಹೋಗುತ್ತದೆ ಎಂಬುದು ಗೊತ್ತಿರುತ್ತದೆ. ಆದರೂ ಇಳಿಸಿದೆ, ಕುಯ್ಲು ಶುರುವಾಗುವ ಹೊತ್ತಿಗೆ ಬೆಲ್ಟು ಮತ್ತೆ ಒಂದು ತೂತು ಒಳಗೆ ಬಂತು. ನೆಂಟರ ಮನೆಗೆ ಹೋಗುವುದನ್ನೇ ನಿಲ್ಲಿಸಿದೆ. ಕೆಲಸ ಇದೆ ಎಂದೆ, ಜೀಪು ಸಿಗಲಿಲ್ಲ ಎಂದೆ. ನನ್ನ ಎಲೆ ದಾಟಿ ಹೋಗುವುದನ್ನು ಇನ್ನೊಮ್ಮೆ ನೋಡುವ ಧೈರ್ಯ ಇರಲಿಲ್ಲ, ಪಂಚೆ ಹಿಡಿದು ಎಳೆಯದೆ ಇರುವ ಧೈರ್ಯವೂ ಇರಲಿಲ್ಲ. ಹಾಗೆ ಮೂರು ತಿಂಗಳು ಕಳೆಯಿತು, ಅಂಥ ಮೌನ ನನಗೆ ಯಾವತ್ತೂ ಗೊತ್ತಿರಲಿಲ್ಲ.

ಚಿಕ್ಕಮ್ಮನ ಮನೆಯ ಸತ್ಯನಾರಾಯಣ ಪೂಜೆ ತಪ್ಪಿಸಲು ಆಗಲಿಲ್ಲ. 'ಹಿಂದಿನ ದಿನಾನೇ ಬಾ, ತೆಂಗಿನಕಾಯಿ ಸುಲಿಯೋಕೆ ಜನ ಇಲ್ಲ' ಎಂದು ಫೋನಿನಲ್ಲಿ ಗದರಿದಳು. ಹೋದೆ. ಸಂಜೆ ಅವಳು ಅಡುಗೆಮನೆಯಲ್ಲಿ ಕೂತು ಹೋಳಿಗೆಯ ಹೂರಣ ಉಂಡೆ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದೆ. ಒಂದು ಉಂಡೆಯನ್ನು ನನ್ನ ಬಾಯಿಯ ಹತ್ತಿರ ಹಿಡಿದಳು, ಚಿಕ್ಕಂದಿನಿಂದಲೂ ಹಾಗೇ.

'ಬೇಡ ಚಿಕ್ಕಮ್ಮ.'

'ಎಂತ ಬೇಡ? ರುಚಿ ನೋಡು.'

'ಬೇಡ.'

ಅವಳು ಉಂಡೆಯನ್ನು ತಟ್ಟೆಗೆ ಕುಕ್ಕಿದಳು. 'ಮತ್ತೆ ಶುರುವಾಯ್ತಾ ನಿಂದು? ಮೊನ್ನೆ ಸರಿಯಾಗಿದ್ದೆ. ನನ್ನ ಕೈಯಿಂದ ತಿಂದ್ರೆ ಎಂತ ಆಗ್ತದೆ ನಿಂಗೆ?' ಮುಖ ಊದಿಸಿಕೊಂಡು ಆಚೆ ತಿರುಗಿದಳು.

ಆಗ ಹೇಳಿದೆ. ಯಾಕೆ ಬಾಯಿ ಬಿಟ್ಟೆನೋ ಗೊತ್ತಿಲ್ಲ, ತುರಿಮಣೆಯನ್ನೇ ನೋಡುತ್ತ ಎಲ್ಲ ಹೇಳಿದೆ. ಭಾನುವಾರ, ಬಚ್ಚಲು, ಹಂಡೆಯ ಕಟ್ಟೆ, ಚಳಿ, ಹಗ್ಗ. ಬಿಚ್ಚಿದ್ದು, ಮತ್ತೆ ಕಟ್ಟಿದ್ದು. ಅವಳು ಉಂಡೆ ಕಟ್ಟುವುದನ್ನು ನಿಲ್ಲಿಸಿದ್ದಳು.

'ಕೂಗ್ಲಿಲ್ವಾ?' ಎಂದು ಕೇಳಿದಳು.

'ಕೂಗ್ಬೇಕು ಅಂತ ಬಾಯಿ ತೆಗ್ದೆ ಚಿಕ್ಕಮ್ಮ. ಯಾರ ಹೆಸರು ಹಿಡಿದು ಕೂಗೋದು ಅಂತ ಗೊತ್ತಾಗ್ಲಿಲ್ಲ.'

ಅವಳು ಹೂರಣ ಮೆತ್ತಿದ ಕೈಯನ್ನು ನನ್ನ ಬೆನ್ನ ಮೇಲಿಟ್ಟಳು. ಅಂಗಿ ಹಾಳಾಯಿತು. ಆಮೇಲೆ ಅವಳು ಎದ್ದು ಹೊರಗೆ ಹೋಗಿ, ಜಗಲಿಯಲ್ಲಿ ಬಾಳೆಲೆ ಒರೆಸುತ್ತಿದ್ದ ಅಳಿಯನಿಗೆ ಹೇಳುವುದು ನನಗೂ ಕೇಳಿಸಿತು.

'ನಾಳೆ ಅವನಿಗೆ ಒಂದೇ ಹೋಳಿಗೆ. ಅವನಿಗೆ ಕಾಯಿಲೆ ಎಂತದೂ ಇಲ್ಲ, ಅವನೇ ಬೇಡ ಅಂದಿದ್ದು. ಎರಡನೇದು ಹಾಕಿದ್ರೆ ನೋಡು. ಆದ್ರೆ ಕೇಳದೆ ಮುಂದೆ ಹೋಗ್ಬೇಡ. ಪ್ರತಿ ಸಲ ನಿಂತು ಕೇಳ್ಬೇಕು.'

ಇದರಿಂದ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ನಾನು ಈಗಲೂ ಅದೇ ಕ್ವಾರ್ಟರ್ಸಿನಲ್ಲಿ ಅದೇ ಸಣ್ಣ ಪಾತ್ರೆಯಲ್ಲಿ ಅನ್ನ ಮಾಡಿಕೊಳ್ಳುತ್ತೇನೆ. ತೂಕ ಇಳಿದಿದೆ, ಮಳೆಗಾಲದಲ್ಲಿ ಸ್ವಲ್ಪ ಏರುತ್ತದೆ, ಮತ್ತೆ ಇಳಿಸುತ್ತೇನೆ. ಕೆಲವು ಸಂಜೆ ಯಾಕೆ ಈ ಗೋಳು ಎನಿಸುತ್ತದೆ, ಆಗ ಬಚ್ಚಲಿಗೆ ಹೋಗಿ ಕೂತು, ಏನನ್ನೂ ಹಿಡಿಯದೆ ಎದ್ದು ನೋಡುತ್ತೇನೆ. ಹಗ್ಗವನ್ನು ಈ ಸಲ ಬಿಚ್ಚಿಲ್ಲ. ಚಿಕ್ಕಮ್ಮನಿಗೂ ವಯಸ್ಸಾಯಿತು, ಸೀತೂರಿನಿಂದ ಬಂದು ಅವಳು ನನ್ನನ್ನು ಎತ್ತಲಾರಳು.

ಆದರೆ ಆ ಮಧ್ಯಾಹ್ನದ ಪಂಕ್ತಿಯನ್ನು ಹೇಳಬೇಕು. ಭಾವ ಬಂದು ಒಂದು ಹೋಳಿಗೆ ಹಾಕಿ ಹೋದ. ಎರಡನೇ ಸುತ್ತಿಗೆ ಬಂದವನು ನನ್ನ ಎಲೆಯ ಮುಂದೆ ನಿಂತ.

'ಭಾವ, ಇನ್ನೊಂದು?'

'ಬೇಡ ಭಾವ.'

'ಅರ್ಧ?'

'ಬೇಡ.'

'ಹಂಗಂದ್ರೆ ಹೆಂಗೆ? ತುಪ್ಪ ಬೇಜಾರು ಮಾಡ್ಕೊಳ್ತದೆ.'

'ಮಾಡ್ಕೊಳ್ಲಿ' ಎಂದು ಎರಡೂ ಕೈ ಅಡ್ಡ ಹಿಡಿದೆ. ಸಾಲಿನವರು ನಕ್ಕರು. 'ಬಿಡ್ಬೇಡಿ ಅವರನ್ನ' ಎಂದು ಯಾರೋ ಆಚೆಯಿಂದ ಕೂಗಿದರು. ಭಾವ ಬಾಗಿ ಬೆರಳ ಸಂದಿ ಹುಡುಕಿದ, ನಾನು ಎಲೆಯ ಮೇಲೆ ಕವುಚಿದೆ. ಒಲೆಯ ಮುಂದೆ ಜೋಡಿಸಿಟ್ಟಿದ್ದ ಉತ್ತರಗಳೆಲ್ಲ ಒಂದೊಂದಾಗಿ ಉಪಯೋಗಕ್ಕೆ ಬಂದವು. ಅವನು ಮೂರನೇ ಸುತ್ತಿಗೂ ಬಂದು ನಿಂತ, ನಾಲ್ಕನೆಯದಕ್ಕೂ ಬಂದ. ಆಗ ಅವನ ಬುಟ್ಟಿಯೊಳಗೆ ನೋಡಿದೆ. ಹೋಳಿಗೆ ಮುಗಿದಿತ್ತು, ಖಾಲಿ ಬುಟ್ಟಿ ಹಿಡಿದು ಕೇಳಲು ಬಂದಿದ್ದ.

ಉಳಿದವರ ಊಟ ಮುಗಿಯುತ್ತ ಬಂತು. ನಾನು ನನ್ನ ಒಂದು ಹೋಳಿಗೆಯನ್ನು ಚೂರು ಚೂರು ಮಾಡಿ ತಿನ್ನುತ್ತಿದ್ದೆ. ಮನೆಯ ಹಿರಿಯರು ಸಾಲಿನುದ್ದಕ್ಕೂ ಕಣ್ಣು ಹಾಯಿಸಿ, 'ಎಲ್ಲರದ್ದೂ ಆಯ್ತಾ?' ಎಂದರು. ಜನ ಏಳಲು ಮಂಡಿ ಮೇಲೆತ್ತಿದರು.

'ಇರಿ, ಏಳ್ಬೇಡಿ' ಎಂದು ಅಡುಗೆಮನೆಯ ಬಾಗಿಲಿನಿಂದ ಚಿಕ್ಕಮ್ಮ ಕೂಗಿದಳು. 'ನಮ್ಮ ಮಾಣೀದು ಇನ್ನೂ ಆಗಿಲ್ಲ.'

ಎಲ್ಲರೂ ಮತ್ತೆ ಕೂತರು. ನನ್ನ ಎಲೆಯಲ್ಲಿ ಹೋಳಿಗೆಯ ಒಂದು ಚೂರು ಉಳಿದಿತ್ತು. ಅದನ್ನು ತಿನ್ನಲು ನಾನು ಅವಸರ ಮಾಡಲಿಲ್ಲ.